ಮೊದಲ ಆಯ್ಕೆ ಯಾರದ್ದು?

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಮಗಳು ಓದಬೇಕೆಂದಿರುವುದು ಖಗೋಳಭೌತಶಾಸ್ತ್ರ. ನೀವು ಅವಳಿಗೆ ಕೊಟ್ಟಿರುವುದು ಭೌತಶಾಸ್ತ್ರದ ಸೀಟು. ಬರುವ ಶುಕ್ರವಾರ ಸಂಜೆ ಐದರೊಳಗೆ ಸೇರದಿದ್ದರೆ ಅದೂ ಕೈತಪ್ಪುತ್ತದೆ. ಅವಳು ಕೇಳುತ್ತಿರುವ ವಿಭಾಗದಲ್ಲಿ ಮೂವತ್ತಕ್ಕೆ ಹನ್ನೊಂದು ಸೀಟು ಖಾಲಿ ಇವೆಯೆಂದು ನಿಮ್ಮದೇ ಸೂಚನಾ ಫಲಕ ಹೇಳುತ್ತಿದೆ. ಬೇಕೆಂದು ಬಾಗಿಲಲ್ಲಿ ನಿಂತವಳಿಗೆ ಇಲ್ಲದ ಆ ಹನ್ನೊಂದು ಕುರ್ಚಿಗಳನ್ನು ಯಾರಿಗಾಗಿ ಒರೆಸಿಡುತ್ತಿದ್ದೀರಿ?

ನಾನು ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಇಪ್ಪತ್ತೆರಡು ವರ್ಷಗಳಿಂದ ಲೋಲಕಗಳನ್ನು ನೇತುಹಾಕುತ್ತ, ಮಸೂರಗಳನ್ನು ಒರೆಸುತ್ತ, ವಿದ್ಯಾರ್ಥಿಗಳು ಉತ್ತರ ಮೊದಲು ಬರೆದುಕೊಂಡು ಅದಕ್ಕೆ ತಕ್ಕ ಅಳತೆ ತೆಗೆಯುವುದನ್ನು ಕಂಡೂ ಕಾಣದವನಂತೆ ಇದ್ದವನು. ಈ ಎರಡು ಪದವಿಗಳ ವ್ಯತ್ಯಾಸ ನನಗೆ ತಿಳಿಯದ್ದೇನಲ್ಲ. ಮೊದಲ ಎರಡು ವರ್ಷ ಅದೇ ಕೊಠಡಿ, ಅದೇ ಮೇಷ್ಟ್ರು, ಅದೇ ಲೆಕ್ಕಗಳು. ಮೂರನೆಯ ವರ್ಷ ಒಂದು ಗುಂಪು ಎದ್ದು ಪಕ್ಕದ ಕೊಠಡಿಗೆ ಹೋಗುತ್ತದೆ. ಅಷ್ಟಕ್ಕೆ ನಿಮ್ಮ ಕೈಪಿಡಿಯ ನಲವತ್ತನೆಯ ಪುಟ, ಹಾಗೆ ಎದ್ದು ಹೋದವರು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಲು ಅರ್ಹರಲ್ಲ ಎಂದು ತೀರ್ಪು ಕೊಡುತ್ತದೆ. ನಕ್ಷತ್ರದ ಒಡಲಿನ ಒತ್ತಡವನ್ನು ಲೆಕ್ಕ ಹಾಕಬಲ್ಲವಳಿಗೆ ಏಳನೆಯ ತರಗತಿಯ ಸನ್ನೆಕೋಲು ಭಾರವಾದೀತೇ? ಹದಿನೇಳರ ಹುಡುಗಿ ಅರ್ಜಿಯ ಒಂದು ಚೌಕದಲ್ಲಿ ತನ್ನ ಆಯ್ಕೆಯ ಕ್ರಮದ ಒಂದು ಅಂಕಿ ತುಂಬುವಾಗ, ಬೆನ್ನ ಹಿಂದೆ ನಿಂತ ಹೆತ್ತವರ ಕಣ್ಣಿಗೆ ಆ ಪುಟವೊಂದೇ ಬೀಳುತ್ತದೆ.

ಮನೆಯಲ್ಲಿ ಈ ವಾದ ಒಂದು ತಿಂಗಳು ನಡೆಯಿತು. "ಭೌತಶಾಸ್ತ್ರ ಓದಿದ್ರೆ ಮುಂದೆ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು ಕಣೆ," ಎಂದೆ.

"ನನಗೆ ಎಲ್ಲಿಗೆ ಬೇಕಾದ್ರೂ ಹೋಗೋದು ಬೇಡಪ್ಪ. ಒಂದು ಕಡೆ ಹೋಗ್ಬೇಕು, ಅಷ್ಟೇ."

ಅವಳಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಓದೋಳು ಅವಳು. ನಿಮಗ್ಯಾಕ್ರೀ ಪರೀಕ್ಷೆ ಭಯ?" ಎಂದಳು. ನಿನ್ನಿಷ್ಟ ಎಂದು ಮಗಳಿಗೆ ಹೇಳಿದೆ.

ಸೀಟು ಹಂಚಿಕೆಯ ಪಟ್ಟಿ ಬಂದಾಗ ಮಗಳು ನಂಬಲಿಲ್ಲ. ಅಪ್ಪ ಮಗಳು ಮೂರು ದಿನ ನಿಮ್ಮ ಕಚೇರಿಗೆ ಅಲೆದೆವು. ಕೌಂಟರಿನ ಗುಮಾಸ್ತರು ಒಳ್ಳೆಯವರೇ.

"ಎರಡೂ ಒಂದೇ ಅಲ್ವೇನ್ರೀ? ಅದರಲ್ಲಿ ನಕ್ಷತ್ರ ಸ್ವಲ್ಪ ಜಾಸ್ತಿ."

"ಒಂದೇ ಆದ್ರೆ ಬದಲಾಯಿಸಿ ಕೊಡಿ ಸಾರ್," ಎಂದಳು ಮಗಳು.

"ಒಂದೇ ಆದ್ಮೇಲೆ ಯಾಕಮ್ಮ ಬದಲಾಯಿಸ್ಬೇಕು?"

ಮೂರನೆಯ ದಿನ ಅವರಿಗೇ ಕನಿಕರ ಬಂತು. ನನ್ನ ಕಡೆ ಒಂದು ಹಾಳೆ ಸರಿಸಿ ತಗ್ಗಿದ ದನಿಯಲ್ಲಿ, "ಅರ್ಜಿ ತುಂಬುವಾಗ ಕಂಪ್ಯೂಟರ್ ಕೆಟ್ಟಿತ್ತು ಅಂತ ಬರ್ಕೊಡಿ. ತಾಂತ್ರಿಕ ದೋಷ ಅಂದ್ರೆ ನಿಯಮದಲ್ಲಿ ಜಾಗ ಇದೆ. ಕಂಪ್ಯೂಟರ್ ಕೊಠಡಿಯವರ ಸಹಿ ಹಾಕಿಸಿ, ಆಯ್ತು," ಎಂದರು. ಅವಳು ಅರ್ಜಿ ತುಂಬಿದ ಆ ಕೊಠಡಿ ನಮ್ಮ ಕಾಲೇಜಿನದು. ಅದನ್ನು ನೋಡಿಕೊಳ್ಳುವವನು ದಿನವೂ ನನ್ನೆದುರು ಕೂತು ಊಟದ ಡಬ್ಬಿ ಬಿಚ್ಚುವವನು. ದೋಷ ದಾಖಲಾದರೆ ನೋಟಿಸು ಬರುವುದು ಅವನ ಹೆಸರಿಗೆ. ಪೆನ್ನು ಹಾಳೆಯ ಮೇಲೆಯೇ ನಿಂತಿತು.

"ಬರಿಯಪ್ಪ, ಯಾಕೆ ನಿಲ್ಲಿಸಿದೆ?"

"ಕಂಪ್ಯೂಟರ್ ಸರಿಯಾಗೇ ಇತ್ತು."

"ನಿನಗೆ ಹೇಗೆ ಗೊತ್ತು?"

ಮಾನ್ಯರೇ, ನನಗೆ ಗೊತ್ತಿತ್ತು. ಖಗೋಳಭೌತಶಾಸ್ತ್ರದ ಎದುರು ಒಂದು, ಭೌತಶಾಸ್ತ್ರದ ಎದುರು ಎರಡು ಎಂದು ತುಂಬಿ ಅವಳು ನೀರು ಕುಡಿಯಲು ಹೊರಗೆ ಹೋಗಿದ್ದಳು. ಅರ್ಜಿಯನ್ನು ಅಂತಿಮಗೊಳಿಸುವ ಒಟಿಪಿ, ನಿಮ್ಮ ನಿಯಮದಂತೆ, ಪೋಷಕರ ಮೊಬೈಲಿಗೆ ಬಂತು. ಅವಳು ತಿರುಗಿ ಬರುವಷ್ಟರಲ್ಲಿ ಎರಡು ಅಂಕಿಗಳು ಜಾಗ ಬದಲಿಸಿಕೊಂಡಿದ್ದವು. ಹೀಗೆ ಬರೆದರೆ ಅಂಕಿಗಳಿಗೇ ಕಾಲು ಬಂದಂತಾಗುತ್ತದೆ. ಬದಲಿಸಿದವನು ನಾನು.

ಕೌಂಟರಿನ ಮುಂದೆಯೇ ಅವಳಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. "ಮೂರು ದಿನ ನನ್ನ ಜೊತೆ ಬಂದು ಯಾರ ತಪ್ಪು ಅಂತ ಹುಡುಕಿದ್ಯಲ್ಲಪ್ಪ," ಎಂದಳು. ಗುಮಾಸ್ತರು ಹಾಳೆಯನ್ನು ವಾಪಸು ಎಳೆದುಕೊಂಡು, "ಇದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಸಾರ್. ಪೋಷಕರು ಒಪ್ಪಿದ್ದು ಅಂತಿಮ," ಎಂದರು.

ಯಂತ್ರಕ್ಕೆ ತಪ್ಪುವ ಹಕ್ಕು ಕೊಟ್ಟಿದ್ದೀರಿ. ಪೋಷಕ ಮಾತ್ರ ತಪ್ಪಲಾರ. ಇಷ್ಟು ದೊಡ್ಡ ಗೌರವ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಸುಳ್ಳು ಬರೆದಿದ್ದರೆ ಅರ್ಧ ಗಂಟೆಯ ಕೆಲಸ. ನಿಜ ಹೇಳಿದ್ದಕ್ಕೆ ಅವಳ ಮೂರು ವರ್ಷ ಹೋಗಬೇಕೇ? ನನ್ನ ಭಯಕ್ಕೆ ನಿಮ್ಮ ನಲವತ್ತನೆಯ ಪುಟ ಕಾರಣ ಎಂದು ವಾದಿಸಬಲ್ಲೆ. ಪುಟದ ಹೊಣೆ ನಿಮ್ಮದು, ಕೈಯ ಹೊಣೆ ನನ್ನದು. ಇವೆರಡರಲ್ಲಿ ಅವಳದ್ದು ಯಾವುದು?

ಆದ್ದರಿಂದ ಈ ಪತ್ರವನ್ನೇ ನನ್ನ ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಿ. ಶುಕ್ರವಾರ ಐದು ಗಂಟೆಯೊಳಗೆ ಅವಳ ಅರ್ಜಿಯನ್ನು ಮತ್ತೆ ತೆರೆದು, ಎರಡು ಅಂಕಿಗಳನ್ನು ಅವಳೇ ತುಂಬಲು ಬಿಡಿ. ಭೌತಶಾಸ್ತ್ರವನ್ನೇ ಬರೆದರೂ ಅದು ಅವಳ ಕೈಬರಹವಾಗಿರಲಿ. ಶಿಕ್ಷೆ ಕೊಡಲೇಬೇಕಿದ್ದರೆ ನನ್ನ ಕಾಲೇಜಿಗೆ ಬರೆಯಿರಿ; ಪ್ರಯೋಗಾಲಯದಲ್ಲೇ ಇರುತ್ತೇನೆ.

ಶುಕ್ರವಾರ ಜೊತೆಗೆ ಬರಲೇ ಎಂದು ನಿನ್ನೆ ಅವಳನ್ನು ಕೇಳಿದೆ. "ಬರೋದಾದ್ರೆ ಬಾ. ಹೊರಗೆ ಬೆಂಚಿನ ಮೇಲೆ ಕೂತ್ಕೋ," ಎಂದಳು.

ಇಂತಿ,
ಆ ಬೆಂಚಿನ ಮೇಲೆ ಕೂರಲಿರುವ,
ಅರ್ಜಿಯಲ್ಲಿ 'ಪೋಷಕ' ಎಂದು ನಮೂದಾಗಿರುವ ವ್ಯಕ್ತಿ