ಎರಡನೆಯ ಸೈಕಲ್

ಮೋಹಿನಿ,

ನೀನು ತೀರಿಕೊಂಡ ವಾರವೇ ನಮ್ಮಿಬ್ಬರ ಸೈಕಲ್ ಪ್ರವಾಸವನ್ನು ರದ್ದುಪಡಿಸಿದೆನೆಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು. ರದ್ದುಪಡಿಸಿರಲಿಲ್ಲ, ಇಂದು ಹೋಗಿ ಬಂದೆ.

ಫೋರ್ಟ್ ಕೊಚ್ಚಿಯಲ್ಲಿ ಮಾರ್ಗದರ್ಶಿ ರಾಜೀವ್ ಎರಡೂ ಸೈಕಲ್ಲುಗಳನ್ನು ಒರೆಸಿ ನಿಲ್ಲಿಸಿದ್ದ. ನಿನ್ನದರ ಸೀಟನ್ನು ತಗ್ಗಿಸಿಯೂ ಇಟ್ಟಿದ್ದ.

"ಚೇಚಿ ಎಲ್ಲಿ ಮಾಷೇ? ಇನ್ನೂ ಸೀರೆ ಆರಿಸ್ತಿದ್ದಾರಾ?" ಎಂದು ನಿನ್ನ ಬಗ್ಗೆ ಕೇಳಿ ನಕ್ಕ.

ಬರುವುದಿಲ್ಲ ಎಂದಷ್ಟೇ ಹೇಳಿದೆ.

"ಪಿಣಕ್ಕಮಾಣೋ, ಮುನಿಸಾ? ಸಾರಮಿಲ್ಲ, ಪರವಾಗಿಲ್ಲ. ಕುಂಬಳಂಗಿವರೆಗೆ ಸೈಕಲ್ ನಾನೇ ತರ್ತೇನೆ. ಸಿಟ್ಟು ಇಳಿದ ಮೇಲೆ ಚೇಚಿ ಆಟೋ ಹಿಡಿದು ಬರಲಿ."

ನಾನು ತಿದ್ದಲಿಲ್ಲ. ಅವನು ಒಂದು ಕೈಯಲ್ಲಿ ತನ್ನ ಸೈಕಲ್ಲನ್ನೂ ಇನ್ನೊಂದರಲ್ಲಿ ನಿನ್ನದನ್ನೂ ಹಿಡಿದು ನನ್ನ ಪಕ್ಕದಲ್ಲಿಯೇ ಬಂದ. ಮಟ್ಟಾಂಚೇರಿಯ ಅರಮನೆ, ಶುಂಠಿಯ ಗೋದಾಮುಗಳು, ಆಮೇಲೆ ನೀರು ನಿಂತ ಗದ್ದೆಗಳು, ಬೆಳ್ಳಕ್ಕಿಗಳು ಎಲ್ಲವನ್ನೂ ಕ್ರಮವಾಗಿ ನೋಡಿದೆ. ಚೆನ್ನಾಗಿಯೇ ಇದ್ದಿರಬೇಕು. ಬಿಸಿಲು ತಗ್ಗಲಿ ಎಂದು ಮೂರು ವರ್ಷ ಇದನ್ನು ಮುಂದೂಡಿದವನು ನಾನು. ಇಂದು ಹೇಳಿಕೊಳ್ಳುವಂಥ ಬಿಸಿಲೇನೂ ಇರಲಿಲ್ಲ.

ಕುಂಬಳಂಗಿಯ ಚಹಾದಂಗಡಿಯ ಹೆಂಗಸು ಖಾಲಿ ಸೈಕಲ್ಲನ್ನು ನೋಡಿ, "ಇದರವರು ಎಲ್ಲಿ? ದಾರೀಲಿ ಬೀಳಿಸ್ಕೊಂಡು ಬಂದ್ರಾ?" ಎಂದಳು. ರಾಜೀವ್ ನನ್ನ ಮುಖ ನೋಡಿದ.

"ಹಿಂದೆ ಬರುತ್ತಿದ್ದಾಳೆ" ಎಂದೆ.

ಆಕೆ ನಮ್ಮಿಬ್ಬರಿಗೂ ಚಹಾ ಕೊಟ್ಟು, ಮೂರನೆಯ ಲೋಟವನ್ನು ಆರದಿರಲೆಂದು ತಟ್ಟೆಯಿಂದ ಮುಚ್ಚಿಟ್ಟಳು. ಬೇಡವೆನ್ನಲು ನನಗೆ ಬೇಕಾದಷ್ಟು ಸಮಯವಿತ್ತು.

ನಾನು ಏಳಹೊರಟಾಗ ರಾಜೀವ್, "ಇನ್ನೊಂದು ಹತ್ತು ನಿಮಿಷ ನೋಡೋಣ ಮಾಷೇ" ಎಂದ.

ನೋಡಿದೆವು.

ಇತಿ,
ಕಮಲಾಕ್ಷ
ಕೊಚ್ಚಿ, ಶನಿವಾರ, 18 ಜನವರಿ 2025, ಸಂಜೆ ಐದು ಗಂಟೆ ನಲವತ್ತು ನಿಮಿಷ