ಒಲೆ ಆರುವ ತನಕ

ದಾವಣಗೆರೆ, ೧೯೫೮

ಹರಿಹರದ ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಂಡಿರುವ ನನ್ನ ಯಲ್ಲಕ್ಕನಿಗೆ ತಮ್ಮ ಸಣ್ಣಬೀರಪ್ಪನ ಶರಣು.

ಅಕ್ಕಾ, ಮಿಲ್ಲಿನಲ್ಲಿ ಮತ್ತೆ ಕೂಲಿ ಏರಿತು. ಬೆಳಗಾಗುವಷ್ಟರಲ್ಲಿ ವಠಾರದ ಬಾಡಿಗೆಯೂ ಏರಿತು. "ಮಿಲ್ಲಿನೋರು ಕೊಡ್ತಾರೆ, ವಾಮದೇವಪ್ಪ ಕಸೀತಾನೆ. ನಮ್ ಕೈಗೆ ಬರೀ ಹತ್ತಿ ಧೂಳು" ಎಂದು ನೀನು ನಗುತ್ತಿದ್ದೆ. ಏರಿಸಿದ ಬಾಡಿಗೆ ಕೊಡುವುದಿಲ್ಲವೆಂದು ಮೊದಲು ನಿಂತವಳೂ ನೀನೇ.

ವಠಾರದ ಮಾಲೀಕ ವಾಮದೇವಪ್ಪ ನಿನ್ನ ಮನೆಯ ಬಾಗಿಲು ಕೀಳಿಸಲು ಹಾರೆಯವರನ್ನು ಕರೆತಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಒಲೆ ಉರಿಯುವ ಮನೆಯನ್ನು ಬಿಡಿಸಿದರೆ ವಂಶಕ್ಕೆ ಶಾಪವೆಂದು ಅವನಿಗೆ ಭಯ. "ಒಲೆ ಆರ್ಲಿ, ಆಮೇಲೆ ಕೀಳ್ರಲೇ" ಎಂದು ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತ. ನೀನು ಆರಗೊಡಲಿಲ್ಲ. ಕಟ್ಟಿಗೆ ಮುಗಿದ ಮೇಲೆ ಮೊರ ಉರಿಸಿದೆ, ಮಣೆ ಉರಿಸಿದೆ, ಅವ್ವ ನಮ್ಮಿಬ್ಬರನ್ನೂ ತೂಗಿದ ತೊಟ್ಟಿಲನ್ನೂ ಒಡೆದು ಹಾಕಿದೆ. "ಆ ಕುರ್ಚೀನೂ ಕೊಡ್ರಿ ವಾಮದೇವಪ್ಪಾರೆ, ಇನ್ನೊಂದು ತಾಸಿಗೆ ಆಗ್ತೈತೆ" ಎಂದು ಒಳಗಿನಿಂದ ಕೂಗಿದೆ. ವಠಾರವೆಲ್ಲ ನಕ್ಕಿತು. ಆ ನಗುವೇ ಕೆಡಿಸಿತು. ಅವನು ಗುತ್ತೆಪ್ಪನಿಗೆ ಕಣ್ಸನ್ನೆ ಮಾಡಿದ.

ಬಾಡಿಗೆ ಮಾಫಿಯ ಆಸೆಗೆ ಹಾರೆ ಹಿಡಿದಿದ್ದ ಪಕ್ಕದ ಕೋಣೆಯ ಗುತ್ತೆಪ್ಪ ಒಳನುಗ್ಗಿ ಒಲೆ ಮೇಲಿದ್ದ ನೀರಿನ ಗಡಿಗೆಗೆ ಒದ್ದ. ಒಲೆ ಬುಸ್ಸೆಂದು ಆರಿತು. ಅಡ್ಡ ಬಂದ ಭಾವನ ಮುಂಗೈ ಮೇಲೆ ಹಾರೆ ಬಿತ್ತು. ಎಲುಬು ಮುರಿದ ಸದ್ದು ಹೊರಗಿದ್ದ ನನಗೂ ಕೇಳಿತು. ನೀನು ಹೊಗೆಯಾಡುತ್ತಿದ್ದ ತೊಟ್ಟಿಲ ಕಾಲನ್ನೆಳೆದು ಗುತ್ತೆಪ್ಪನ ಕಣ್ಣಿಗೇ ತಿವಿದೆ. ಬಿದ್ದವನನ್ನು ನಾನು ಒಳಗೋಡಿ ಬಂದು ರಕ್ತ ಕಾರುವ ತನಕ ಒದ್ದೆ. ಆದರೂ ಬಾಗಿಲು ಹೋಯಿತು, ಮನೆ ಹೋಯಿತು. ಕೈ ಮುರಿದ ಭಾವನನ್ನು ಮಿಲ್ಲಿನವರು ಇಟ್ಟುಕೊಳ್ಳಲಿಲ್ಲ.

ಈಗ ಕೇಳು. "ಒಕ್ಕಣ್ಣನಿಗೆ ಯಾರು ಹೆದರ್ತಾರೆ?" ಎಂದು ವಾಮದೇವಪ್ಪ ಗುತ್ತೆಪ್ಪನ ಮಾಫಿಯನ್ನು ತೆಗೆದುಹಾಕಿದ. ಏರಿದ ಬಾಡಿಗೆ ಅವನಿಂದಲೂ ಹುಟ್ಟಲಿಲ್ಲ. ನಿನ್ನೆ ಅವನ ಬಾಗಿಲನ್ನೂ ಕಿತ್ತರು. ಹೆಂಡತಿ ಹಂಪವ್ವ ತುಂಬಿದ ಬಸುರಿ. ಒಲೆಗೆ ಹಾಕಲು ಅವಳ ಬಳಿ ತೊಟ್ಟಿಲೂ ಇರಲಿಲ್ಲ. ಅವರಿಬ್ಬರಿಗೂ ನಾನು ಜಾಗ ಕೊಟ್ಟರೆ ನನ್ನ ಬಾಗಿಲೂ ಹೋಗುತ್ತದೆ.

"ಇವನನ್ನ ಯಾಕ ಕಳಿಸ್ದಿ?" ಎಂದು ಬೈಯುತ್ತೀಯ. ಬೈ. ಈ ಕಾಗದ ತಂದು ನಿನ್ನ ಗುಡಿಸಲ ಮುಂದೆ ನಿಂತಿರುವವನು ಗುತ್ತೆಪ್ಪನೇ. ಹಿಂದೆ ನಿಂತಿರುವವಳು ಹಂಪವ್ವ. ಭಾವ ಓದಿ ಮುಗಿಸುವ ತನಕ ನಿಂತಿರಲಿ. ಆಮೇಲೆ ಅವನಿಗೆ ಕೊಳ್ಳಿ ಎತ್ತಿದರೂ ಸರಿ, ಅವಳಿಗೆ ಒಲೆ ಹಚ್ಚಲು ಕೆಂಡ ಕೊಟ್ಟರೂ ಸರಿ. ಬೆಂಕಿ ನಿನ್ನದು.

ಅದು ಯಾರ ಒದೆತಕ್ಕೂ ಆರದಿರಲಿ.

ನಿನ್ನ ತಮ್ಮ,
ಸಣ್ಣಬೀರಪ್ಪ