ದಾರಿ ಹೇಳುವವರ ಸೀಟು

ಪೂಜ್ಯ ವೃಷಭೇಂದ್ರಪ್ಪ ಸರ್ ಅವರಿಗೆ,

ನಿಮ್ಮ ಡ್ರೈವರ್ ಗಗನ ಮಾಡುವ ನಮಸ್ಕಾರಗಳು.

ನನ್ನ ಕೋಳಿಕಾಲಿನ ಅಕ್ಷರಕ್ಕೂ ತಪ್ಪುಗಳಿಗೂ ಮೊದಲೇ ಕ್ಷಮೆ ಕೇಳುತ್ತೇನೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆಯೆಲ್ಲ ಈಗಲೂ ಕೈ ತಡೆಯುತ್ತದೆ. ಇದನ್ನು ಮೂರು ಸಲ ಹರಿದು ನಾಲ್ಕನೇ ಸಲ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಅಕ್ಷರ ಕಾಣುವುದಿಲ್ಲವಾದ್ದರಿಂದ ಅಮ್ಮಾವರೇ ಇದನ್ನು ನಿಮಗೆ ಓದಿ ಹೇಳಬೇಕು. ಹಾಗಾಗಿ ಅಕ್ಷರದ ಕ್ಷಮೆ ಅವರಿಗೆ ಸೇರಲಿ. ನಿಮ್ಮ ಹತ್ತಿರ ಕೇಳಬೇಕಾದ ಕ್ಷಮೆ ಬೇರೆ ಇದೆ. ಓದುತ್ತ ಅಮ್ಮಾವರಿಗೆ ನನ್ನ ಮೇಲೆ ಸಿಟ್ಟು ಬಂದರೂ ನಡುವೆ ನಿಲ್ಲಿಸದೆ ಕೊನೆತನಕ ಓದಲು ಹೇಳಿ.

ಹತ್ತು ದಿನದಿಂದ ನೀವು ಕಾರು ಹತ್ತಿಲ್ಲ. ವಾರಕ್ಕೆ ಮೂರು ದಿನ ಅಮ್ಮಾವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೊರಡುವಾಗ ನೀವು ಜಗಲಿಯ ಕುರ್ಚಿಯಲ್ಲಿ ಕೂತಿರುತ್ತೀರಿ. ನಾನು ಗೇಟು ದಾಟಿ ತಿರುಗುವವರೆಗೂ ನಿಮ್ಮ ಮುಖ ಕಾರಿನ ಸದ್ದಿನ ಕಡೆಗೇ ತಿರುಗುತ್ತ ಬರುವುದು ನನಗೆ ಕನ್ನಡಿಯಲ್ಲಿ ಕಾಣುತ್ತದೆ. ಕ್ಲಿನಿಕ್ಕಿನಲ್ಲಿ ಆ ನಾಲ್ಕು ಗಂಟೆ ಅಮ್ಮಾವರ ಒಂದು ಕೈ ಮಿಷನ್ನಿಗೆ, ಇನ್ನೊಂದು ಕೈ ನಿಮಗೆ ಅಂತ ಇತ್ತಲ್ಲ. ಈಗ ಆ ಕೈ ಹಾಸಿಗೆಯ ಅಂಚನ್ನು ಹಿಡಿದುಕೊಂಡಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಅವರು ತಲೆ ಎತ್ತಿ ನೋಡುತ್ತಾರೆ. ಇದಕ್ಕೆಲ್ಲ ಕಾರಣ ನೀವಲ್ಲ, ಸರ್. ನಾನು.

ಮೊದಲಿನಿಂದ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಗಾಡಿ ಓಡಿಸುವುದು ಬರುತ್ತಿತ್ತು, ಊರು ಗೊತ್ತಿರಲಿಲ್ಲ. ಮಂಡಕಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವಳಿಗೆ ನಿಮ್ಮ ಜಯಲಕ್ಷ್ಮಿಪುರಂನ ರಸ್ತೆಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಬೋರ್ಡು ಓದಿ ಮುಗಿಸುವುದರೊಳಗೆ ತಿರುವು ದಾಟಿಹೋಗುತ್ತಿತ್ತು. ನೀವು ಮುಂದಿನ ಎಡ ಸೀಟಿನಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡು ದಾರಿ ಹೇಳುತ್ತಿದ್ದಿರಿ. "ಹಂಪು ಬಂತಾ? ಈಗ ಮೆಲ್ಲಗೆ ಎಡಕ್ಕೆ. ಅಲ್ಲೊಂದು ಹೊಂಗೆ ಮರ ಇದೆ ನೋಡು." ಮರ ಕಡಿದು ಎಷ್ಟೋ ವರ್ಷ ಆಗಿರುತ್ತಿತ್ತು. ಇಲ್ಲ ಸರ್ ಎನ್ನಲು ನನಗೆ ಮನಸ್ಸು ಬರುತ್ತಿರಲಿಲ್ಲ. ಇದೆ ಸರ್ ಎಂದು ತಿರುಗಿಸುತ್ತಿದ್ದೆ. ದಾರಿ ಮಾತ್ರ ಸರಿಯಾಗೇ ಇರುತ್ತಿತ್ತು.

ನಿಮಗೂ ಗೊತ್ತಿಲ್ಲದ ಕಡೆ ಬಂದಾಗ ನನ್ನ ಕಷ್ಟ ಶುರುವಾಗುತ್ತಿತ್ತು. "ಗ್ಲಾಸ್ ಇಳ್ಸಿ ಯಾರ್ನಾದ್ರೂ ಕೇಳಮ್ಮ" ಅನ್ನುತ್ತಿದ್ದಿರಿ. ಗುರುತಿಲ್ಲದವರ ಮುಂದೆ ನನಗೆ ಗಂಟಲು ಕಟ್ಟುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಕುವೆಂಪುನಗರದಲ್ಲಿ ಆದದ್ದು ನೆನಪಿದೆಯಾ? ಎಳನೀರಿನವರ ಹತ್ತಿರ ದಾರಿ ಕೇಳಿ ಬಾ ಎಂದು ಇಳಿಸಿದಿರಿ. ನಾನು ಎದುರು ಹೋಗಿ ನಿಂತೆ. "ಎಷ್ಟ್ ಕೊಡ್ಲವ್ವ?" ಅಂದರು. ಮೂರು ಅಂದುಬಿಟ್ಟೆ. ಎಳನೀರು ಹೊತ್ತು ವಾಪಸ್ ಬಂದಾಗ ನೀವು ಹಿಂದೆ ಕೂತಿದ್ದ ಅಮ್ಮಾವರ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ದಾರಿ ಕೇಳ್ಕೊಂಡ್ ಬಾ ಅಂದ್ರೆ ಎಳನೀರ್ ತಂದ್ಬುಟ್ಟಳಲ್ಲ ಕಣೇ ಪ್ರೇಮಾ!" ಅಮ್ಮಾವರು ಎಳನೀರು ಕುಡಿಯುವ ಹಾಗಿಲ್ಲ. ಮೂರನ್ನೂ ನಾವಿಬ್ಬರೇ ಕುಡಿದೆವು. ಆಮೇಲೆ ನೀವೇ ಗ್ಲಾಸ್ ಇಳಿಸಿ ಕೂಗಿ ಕೇಳಿದಿರಿ.

ಯೋಗೇಂದ್ರ ಸರ್ ದಾರಿ ಹೇಳುವ ಮಿಷನ್ ತಂದು ಹಾಕಿಸಿದ್ದು ತಾಯಿಯ ಮೇಲಿನ ಪ್ರೀತಿಯಿಂದ. ದಿನವೆಲ್ಲ ಟೈಲ್ಸ್ ಅಂಗಡಿಯಲ್ಲಿರುವ ಅವರಿಗೆ, ಅಮ್ಮ ಹೊತ್ತಿಗೆ ಸರಿಯಾಗಿ ತಲುಪಿದರೋ ಇಲ್ಲವೋ ಎಂಬ ಚಿಂತೆ. ಆದರೆ ಆ ಮಿಷನ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ನನಗೆ. ಓದುವ ಹಾಗಿಲ್ಲ, ಕೇಳುವ ಹಾಗಿಲ್ಲ. ಮುನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ ಎಂದು ಅದೇ ಕನ್ನಡದಲ್ಲಿ ಹೇಳುತ್ತದೆ. ತಪ್ಪಿದರೂ ಬೈಯುವುದಿಲ್ಲ. ಇನ್ನೊಂದು ದಾರಿ ಹುಡುಕಿಕೊಡುತ್ತದೆ. ಅಂಥ ತಾಳ್ಮೆಯ ಮನುಷ್ಯರನ್ನು ನಾನು ಕಂಡಿರಲಿಲ್ಲ.

ನೀವು ಅದರ ಮೇಲೆ ಸಿಟ್ಟಾಗುತ್ತೀರೇನೋ ಅಂದುಕೊಂಡಿದ್ದೆ. ನೀವು ಅದಕ್ಕೆ ಹೆಸರೇ ಇಟ್ಟಿರಿ. "ಏನ್ ಪೆಟ್ಟಿಗೆಯಮ್ಮ, ಕಾಫಿ ಆಯ್ತಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದಿರಿ. ಅಗೆದು ಹಾಕಿದ್ದ ರಸ್ತೆಗೆ ಅದು ನಮ್ಮನ್ನು ನುಗ್ಗಿಸಲು ನೋಡಿದಾಗ, "ಇವಳು ಯಾವೂರೋಳೋ, ಮೈಸೂರಿಗೆ ಬಂದೇ ಇಲ್ಲ ಕಣಮ್ಮ" ಅಂದಿರಿ. ಆದರೆ ಬರಬರುತ್ತ ನಿಮ್ಮ ಮಾತು ಕಡಿಮೆಯಾಯಿತು. ನೀವೂ ಅದೂ ಒಟ್ಟಿಗೆ ಮಾತಾಡಿದಾಗ ನಾನು ಅದರ ಮಾತು ಕೇಳುತ್ತಿದ್ದೆ. ಅದು ನಿಮಗೆ ತಿಳಿಯುತ್ತಿತ್ತು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಆಯುಧಪೂಜೆಯ ದಿನ ನಾನೇ ಕಾರು ತೊಳೆದು ಪೂಜೆ ಮಾಡಿದ್ದು. ಚಕ್ರಕ್ಕೆ ನಿಂಬೆಹಣ್ಣಿಟ್ಟೆ, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿದೆ. ನಮ್ಮವ್ವ ಬೆಟ್ಟದಿಂದ ತಂದಿದ್ದ ಒಂದು ತಾಮ್ರದ ತಗಡಿತ್ತು, ಅಂಗೈಯಗಲದ್ದು. "ಗಾಡಿಗ್ ಆಕು ಮಗ, ದೃಷ್ಟಿ ಆಗಕಿಲ್ಲ" ಎಂದು ಕೊಟ್ಟಿದ್ದಳು. ಎಲ್ಲಿಡುವುದು ಎಂದು ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹತ್ತಿರ, ಆ ಮಿಷನ್ನಿನಿಂದ ಬಂದ ವೈರಿನ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ತುಂಡೊಂದು ಅಂಟಿಸಿದ್ದರಲ್ಲ. ಚಪ್ಪಟೆಯಾಗಿ, ಎತ್ತರದಲ್ಲಿ, ಪುಟ್ಟ ಪೀಠದ ಹಾಗೆ ಇತ್ತು. ಕಾಲು ತಾಗುವ ಜಾಗವೂ ಅಲ್ಲ. ಅದರ ಮೇಲೆ ತಗಡಿಟ್ಟು, ಬೀಳದಿರಲೆಂದು ಅಂಚುಗಳನ್ನು ಕೆಳಕ್ಕೆ ಮಡಿಚಿ, ಗಂಧ ಕುಂಕುಮ ಹಚ್ಚಿ, ಕೈಮುಗಿದೆ. ನಮ್ಮ ಪೆಟ್ಟಿಗೆಯಮ್ಮನಿಗೆ ಕಿರೀಟ ಇಟ್ಟ ಹಾಗಾಯಿತು ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಹಬ್ಬಕ್ಕೆ ಸಿಬ್ಬಂದಿ ಇಲ್ಲವೆಂದು ಕ್ಲಿನಿಕ್ಕಿನವರು ಗುರುವಾರದ ಡಯಾಲಿಸಿಸ್ಸನ್ನು ಶನಿವಾರಕ್ಕೆ ತಳ್ಳಿದ್ದರು. ಶನಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಡಯಾಲಿಸಿಸ್‌ಗೆ ನೀರು ಶುದ್ಧ ಮಾಡುವ ಮಿಷನ್ ಕೆಟ್ಟಿದೆ, ರಿಂಗ್ ರಸ್ತೆಯಾಚೆ ಹೊಸ ಬಡಾವಣೆಯಲ್ಲಿ ಇನ್ನೊಂದು ಶಾಖೆಯಿದೆ, ಅಲ್ಲಿಗೆ ಹೋಗಿ ಎಂದರು. ಅಷ್ಟರಲ್ಲೇ ಅಮ್ಮಾವರ ಕಾಲು ಊದಿತ್ತು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಯೋಗೇಂದ್ರ ಸರ್ ವಿಳಾಸವನ್ನು ಮಿಷನ್ನಿಗೆ ತಾವೇ ಹಾಕಿ, "ಗಗನ, ಅದು ಹೇಳ್ದಂಗೆ ಹೋಗು. ಅಪ್ಪಾ, ನೀವು ದಯವಿಟ್ಟು ಸುಮ್ನೆ ಕೂತಿರಿ" ಎಂದು ಅಂಗಡಿಗೆ ಹೋದರು. ನೀವು ಸುಮ್ಮನೇ ಕೂತಿದ್ದಿರಿ, ಸರ್. ಅದಕ್ಕೆ ನಾನೇ ಸಾಕ್ಷಿ.

ರಿಂಗ್ ರಸ್ತೆಯವರೆಗೆ ನನಗೆ ದಾರಿ ಗೊತ್ತಿತ್ತು. ಅದರಾಚೆ ಮಿಷನ್ನನ್ನೇ ನಂಬಬೇಕು. ನೋಡಿದರೆ ಪರದೆಯ ಮೇಲಿನ ಬಾಣ ಒಮ್ಮೆ ನಿಲ್ಲುತ್ತದೆ, ಒಮ್ಮೆ ಪಕ್ಕದ ಹೊಲಕ್ಕೆ ಹಾರುತ್ತದೆ. ನಾವು ದಾಟಿಬಂದ ತಿರುವನ್ನು ಅದು ಆಮೇಲೆ ಹೇಳುತ್ತದೆ. ಬಲಕ್ಕೆ ಅಂದಿತು, ತಿರುಗಿದೆ. ಮತ್ತೆ ಬಲಕ್ಕೆ ಅಂದಿತು, ತಿರುಗಿದೆ. ಟಾರು ಮುಗಿದು ಮಣ್ಣು ಬಂತು. ಎರಡೂ ಕಡೆ ಸೈಟಿನ ಕಲ್ಲುಗಳು, ಆಳೆತ್ತರದ ಹುಲ್ಲು. ಒಂದು ಮನೆಯೂ ಇಲ್ಲ.

"ಚಕ್ರದ ಸದ್ದು ಬದಲಾಯ್ತಲ್ಲಮ್ಮ. ಮಣ್ ರಸ್ತೆನಾ?" ಅಂದಿರಿ. ಸ್ವಲ್ಪ ದೂರ ಮಾತ್ರ ಸರ್ ಅಂದೆ. ಆಗ ಎದುರಿನಿಂದ ಒಂದು ಮೊಪೆಡ್ ಬಂತು. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ವಯಸ್ಸಾದವರು. ನನ್ನ ಮುಖ ನೋಡಿ ತಾವೇ ಗಾಡಿ ಮೆಲ್ಲಗೆ ಮಾಡಿದರು. ಏನು ಬೇಕಮ್ಮ ಎಂದು ಕೇಳಲು ಕಾಯುವವರ ಹಾಗಿತ್ತು ಅವರ ಮುಖ. ನನ್ನ ಕೈ ಗ್ಲಾಸಿನ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಅವರು ದಾಟಿ ಹೋದರು.

"ಗಾಡಿ ಹೋಯ್ತಲ್ಲ. ನಿಲ್ಸಿ ಕೇಳ್ಬೇಕಿತ್ತು ಕಣಮ್ಮ" ಅಂದಿರಿ. ಅದು ಬಿಟ್ಟರೆ ಆ ದಿನ ನೀವು ದಾರಿಯ ಬಗ್ಗೆ ಬೇರೇನೂ ಹೇಳಲಿಲ್ಲ. ಅದಕ್ಕೆ ನಾನು, "ಬೇಡ ಸರ್, ಬಂದೇಬಿಡ್ತು. ಇನ್ನೂರು ಮೀಟರ್ ತೋರಿಸ್ತಿದೆ" ಅಂದೆ.

ತೋರಿಸುತ್ತಿರಲಿಲ್ಲ ಸರ್. ಬಾಣ ಹೊಲದ ನಡುವೆ ನಿಂತುಬಿಟ್ಟಿತ್ತು. ನಿಮಗೆ ಪರದೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಸುಳ್ಳು ಹೇಳಿದೆ. ಅಪರಿಚಿತರೊಬ್ಬರನ್ನು ದಾರಿ ಕೇಳುವುದಕ್ಕಿಂತ ಅದು ನನಗೆ ಸುಲಭವಾಗಿತ್ತು.

ಆಮೇಲೆ ಹದಿನೆಂಟು ನಿಮಿಷ ಸುತ್ತಿದೆ. ಗಡಿಯಾರ ನೋಡಿಕೊಂಡಿದ್ದೆ. ಒಂದೇ ನೀರಿನ ಟ್ಯಾಂಕು ಮೂರು ಸಲ ಎದುರಾಯಿತು. ಹಿಂದಿನ ಸೀಟಿನಲ್ಲಿ ಅಮ್ಮಾವರ ಉಸಿರು ಶಿಳ್ಳೆ ಹಾಕಿದ ಹಾಗೆ ಕೇಳತೊಡಗಿತು. ಕನ್ನಡಿಯಲ್ಲಿ ನೋಡಿದರೆ ತುಟಿ ಬಣ್ಣಗೆಟ್ಟಿತ್ತು. ಅವರು ನಿಮ್ಮ ಸೀಟಿನ ಹಿಂಬದಿಯನ್ನು ಬೆರಳಿಂದ ಎರಡು ಸಲ ತಟ್ಟಿದರು. ನನ್ನ ಕಾಲು ಕ್ಲಚ್ಚಿನಿಂದ ಜಾರಿ ಗಾಡಿ ಆಫ್ ಆಯಿತು. ಮಿಷನ್ ಮಾತ್ರ ಅದೇ ತಾಳ್ಮೆಯಲ್ಲಿ, ಸಾಧ್ಯವಾದಾಗ ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎನ್ನುತ್ತಿತ್ತು.

ನೀವು ಬಾಗಿಲು ತೆಗೆದು ಇಳಿದಿರಿ. ಬೇಡ ಸರ್, ಹಳ್ಳ ಇದೆ ಎಂದು ಕೂಗಿದೆ. ದೂರದಲ್ಲೆಲ್ಲೋ ಕಾಂಕ್ರೀಟ್ ಕಲೆಸುವ ಯಂತ್ರದ ಸದ್ದು ನಿಮಗೆ ಕೇಳಿಸಿತ್ತು. ನನಗೆ ಕೇಳಿಸಿರಲೇ ಇಲ್ಲ. ಎರಡೂ ಕೈ ಮುಂದಕ್ಕೆ ಚಾಚಿಕೊಂಡು, ಹುಲ್ಲಿನೊಳಗೆ ನಡೆಯುತ್ತ, "ಯಾರ್ರಪ್ಪಾ ಇದ್ದೀರಿ? ನಮ್ಮನೆಯೋರಿಗೆ ಹುಷಾರಿಲ್ಲ, ದಾರಿ ತಪ್ಪಿದ್ದೀವಿ ಕಣ್ರಪ್ಪಾ" ಎಂದು ಕೂಗಿದಿರಿ. ಸೈಟಿನ ಕಲ್ಲಿಗೆ ಎಡವಿ ಬಿದ್ದಿರಿ. ಎದ್ದು ಮತ್ತೆ ಕೂಗಿದಿರಿ. ಮಹದೇವಪ್ರಸಾದ್ ಎಂಬ ಗಾರೆ ಕೆಲಸದವರು ಕೈಯಲ್ಲಿ ಸಿಮೆಂಟು ಮೆತ್ತಿಕೊಂಡೇ ಓಡಿಬಂದರು. "ಅಯ್ಯೋ ಆ ಆಸ್ಪತ್ರೆ ಇತ್ತಗಲ್ಲ ಬುದ್ದಿ, ರಸ್ತೆ ಆ ಕಡೀಕೆ! ನಮ್ ಗಾಡಿ ಇಂದೆ ಬಾ ತಾಯಿ" ಎಂದು ಬೈಕಿನಲ್ಲಿ ಮುಂದೆ ಹೋದರು. ಐದು ನಿಮಿಷ, ಅಷ್ಟೇ. ನಾನು ಗ್ಲಾಸ್ ಇಳಿಸಿದ್ದರೆ ಆ ಐದು ನಿಮಿಷ ಎಷ್ಟೋ ಮೊದಲೇ ಆಗಿಹೋಗಿರುತ್ತಿತ್ತು.

ಅಮ್ಮಾವರಿಗೆ ಆಕ್ಸಿಜನ್ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ಎರಡು ದಿನ ಅಲ್ಲೇ ಇಟ್ಟುಕೊಂಡರು. ಯೋಗೇಂದ್ರ ಸರ್ ಬಂದವರೇ ನಿಮ್ಮ ಮೇಲೆ ಹರಿಹಾಯ್ದರು. "ಪಕ್ಕದಲ್ಲಿ ಕೂತ್ಕೊಂಡು ಅದೂ ಇದೂ ಹೇಳಿ ಅವಳ್ನ ಗೊಂದಲ ಮಾಡಿದ್ದೀರಿ ಅಲ್ವಾ? ಕಣ್ ಕಾಣಲ್ಲ ಅಂದ್ಮೇಲೆ ಯಾಕಪ್ಪ ಬಾಯ್ ಹಾಕ್ತೀರಿ? ಇನ್ಮೇಲೆ ಕಾರ್ ಹತ್ಬೇಡಿ ನೀವು." ಭಯದಲ್ಲಿ ಆಡಿದ ಮಾತು ಅದು. ನಾನು ಕಂಬದ ಪಕ್ಕ ನಿಂತಿದ್ದೆ. ನಾಲ್ಕು ಹೆಜ್ಜೆ ದೂರ. ಸರ್, ಅವರದೇನೂ ತಪ್ಪಿಲ್ಲ ಎಂಬ ಮಾತು ನಾಲಿಗೆ ತುದಿಯವರೆಗೂ ಬಂತು. ನೀವು ನಾನಿರುವ ಕಡೆಗೆ ಮುಖ ತಿರುಗಿಸಿ, ಒಂದು ಕ್ಷಣ ಕಾದಿರಿ. ಆಮೇಲೆ, "ಹೌದು ಕಣೋ. ನಾನೇ ಬಾಯ್ ಹಾಕ್ದೆ. ಆ ಹುಡುಗೀನ ಏನೂ ಅನ್ಬೇಡ" ಅಂದಿರಿ. ಪಂಚೆಯ ಮಂಡಿಯ ಹತ್ತಿರ ರಕ್ತ ಒಣಗಿತ್ತು.

ಆ ಒಂದು ಕ್ಷಣ ನೀವು ಯಾಕೆ ಕಾದಿರಿ ಎಂದು ನನಗೆ ಗೊತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹೋದ ಶುಕ್ರವಾರ ಮಿಷನ್ ರಿಪೇರಿಗೆ ತೆಗೆದುಕೊಂಡು ಹೋದೆ. ಅಂಗಡಿಯ ಪುನೀತ್ ಅನ್ನುವವರು ತಗಡು ನೋಡಿ ಗಹಗಹಿಸಿ ನಕ್ಕರು. "ಏನ್ ಮೇಡಂ ಇದು! ಈ ಕಪ್ಪು ತುಂಡೇ ಆಂಟೆನಾ. ಆಕಾಶದಿಂದ ಸಿಗ್ನಲ್ ಇಳಿಯೋದೇ ಇದಕ್ಕೆ. ನೀವು ಮೇಲೆ ತಾಮ್ರದ ಮುಚ್ಚಳ ಹಾಕಿ ಕುಂಕುಮ ಇಟ್ಬುಟ್ರೆ ಪಾಪ ಅದೆಂಗೆ ದಾರಿ ಹೇಳುತ್ತೆ?" ತಗಡು ತೆಗೆದ ಕೂಡಲೇ ಬಾಣ ಸರಿಯಾಗಿ ನಾವು ನಿಂತಿದ್ದ ಜಾಗಕ್ಕೆ ಬಂದು ನಿಂತಿತು. ಸಂಜೆ ಯೋಗೇಂದ್ರ ಸರ್ ಏನಾಗಿತ್ತಂತೆ ಎಂದು ಕೇಳಿದರು. ವೈರ್ ಲೂಸ್ ಆಗಿತ್ತಂತೆ ಸರ್ ಅಂದೆ. ನೀವು ಜಗಲಿಯಲ್ಲೇ ಕೂತಿದ್ದಿರಿ. ಕೇಳಿಸಿಕೊಂಡಿರಿ.

ತಿಳಿಯದೆ ತಗಡಿಟ್ಟದ್ದನ್ನು ದೇವರು ಕ್ಷಮಿಸಬಹುದು. ಮೊಪೆಡ್ಡಿನವರನ್ನು ಬಿಟ್ಟದ್ದು, ಇನ್ನೂರು ಮೀಟರ್ ಅಂದದ್ದು, ಕಂಬದ ಪಕ್ಕ ಸುಮ್ಮನೆ ನಿಂತದ್ದು, ವೈರ್ ಲೂಸ್ ಅಂದದ್ದು, ಇವೆಲ್ಲ ತಿಳಿದೇ ಮಾಡಿದ್ದು. ಕೆಲಸ ಹೋದರೆ ಮನೆಗೆ ಏನು ಹೇಳಲಿ ಎಂಬ ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕೆಲಸ ಉಳಿಯಲೆಂದು ನೀವು ಅಮ್ಮಾವರ ಕೈ ಬಿಟ್ಟು ಜಗಲಿಯಲ್ಲಿ ಕೂರುವುದನ್ನು ಇನ್ನೊಂದು ದಿನವೂ ನಾನು ಕನ್ನಡಿಯಲ್ಲಿ ನೋಡಲಾರೆ.

ಈ ಕಾಗದವನ್ನು ಇವತ್ತು ಅಮ್ಮಾವರ ಕೈಗೆ ಕೊಡುತ್ತೇನೆ. ಯೋಗೇಂದ್ರ ಸರ್ ಅಂಗಡಿಗೆ ಹೊರಡುವ ಮುಂಚೆ, ಅವರ ಎದುರಿಗೇ ಓದಿಸಿ. ಕೊಟ್ಟು ಓಡಿಹೋಗುವುದಿಲ್ಲ. ಓದಿ ಮುಗಿಯುವವರೆಗೂ ಗೇಟಿನ ಹತ್ತಿರ ನಿಂತಿರುತ್ತೇನೆ. ಅವರು ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳುತ್ತೇನೆ. ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇವೆ ಎಂದರೆ ಕೀಲಿ ಕೊಟ್ಟು ಹೋಗುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಆದರೆ ಆ ಸೀಟು ನಿಮಗೆ ವಾಪಸ್ ಸಿಗಬೇಕು. ಕಾರು ಯಾರೇ ಓಡಿಸಲಿ.

ಇವತ್ತು ಬೆಳಿಗ್ಗೆ ಬಸ್ಸಿಳಿದು ಬರುವಾಗ ನಿಮ್ಮ ರಸ್ತೆಯ ಮೂಲೆಯಲ್ಲಿ ಸೊಪ್ಪು ಮಾರುವವರ ಮುಂದೆ ನಿಂತು, ವೃಷಭೇಂದ್ರಪ್ಪನವರ ಮನೆ ಎಲ್ಲಿ ಎಂದು ಕೇಳಿದೆ. ಗೊತ್ತಿರುವ ದಾರಿಯನ್ನೇ ಕೇಳಿದೆ, ನನ್ನ ದನಿ ಹೊರಡುತ್ತದೋ ನೋಡೋಣ ಎಂದು. "ಅಲ್ಲವ್ವ, ದಿನಾ ಅದೇ ಮನೆ ಕಾರ್ ಓಡುಸ್ತೀಯಲ್ಲ ನೀನು!" ಎಂದು ನಕ್ಕರು. ಆದರೂ ಕೈ ಚಾಚಿ ತೋರಿಸಿದರು. ಸೊಪ್ಪು ಕೊಳ್ಳದೆ ಬಂದೆ.

ಬಂದವಳು ಕಾರು ಒರೆಸಿದೆ. ನೀವು ಹತ್ತುತ್ತಿಲ್ಲವೆಂದು ಯಾರೋ ಮುಂದಿನ ಎಡ ಸೀಟನ್ನು ಮುಂದಕ್ಕೆ ತಳ್ಳಿದ್ದರು. ಅದನ್ನು ನಿಮ್ಮ ಮಂಡಿಗೆ ಎಷ್ಟು ಜಾಗ ಬೇಕೋ ಅಷ್ಟು ಹಿಂದಕ್ಕೆ ಎಳೆದಿಟ್ಟಿದ್ದೇನೆ.

ಅಮ್ಮಾವರಿಗೂ ನಿಮಗೂ ತಾಯಿ ಚಾಮುಂಡಿ ಒಳ್ಳೆಯದು ಮಾಡಲಿ. ತಪ್ಪು ಮಾಡಿದವಳನ್ನೂ ಹರಸಿ.

ಗೇಟಿನ ಹತ್ತಿರ ಕಾಯುತ್ತಿರುವ,
ಗಗನ